ಜಹೀರಾಬಾದಿಗೆ ಹೋಗಿಬರುವ ಗಾಡಿ

ಸುವರ್ಣಾ ಕೆಲಸಕ್ಕಿದ್ದದ್ದು ಬಾಲಾನಗರದ ಒಂದು ಸಾಗಣೆ ಕಂಪನಿಯಲ್ಲಿ. ಇನ್ಸುಲಿನ್, ಲಸಿಕೆ, ಕ್ಯಾನ್ಸರಿನ ಮದ್ದು, ಹೀಗೆ ತಂಪಿನಲ್ಲೇ ಇರಬೇಕಾದ ಸರಕನ್ನು ಗೋದಾಮಿನಿಂದ ಊರೂರಿನ ಆಸ್ಪತ್ರೆಗಳಿಗೆ ಮುಟ್ಟಿಸುವ ಕಂಪನಿ. ಬೆಳಿಗ್ಗೆ ಯಾವ ಗಾಡಿ ಯಾವ ದಾರಿ ಹಿಡಿಯಬೇಕೆಂದು ಗೊತ್ತುಮಾಡುವುದು, ಆಮೇಲೆ ಅವು ವಾಪಸ್ ಬರುವತನಕ ಪರದೆಯ ಮೇಲಿನ ಚುಕ್ಕೆಗಳನ್ನು ಕಾಯುತ್ತ ಕೂರುವುದು, ಇದು ಅವಳ ಕೆಲಸ. ಡ್ರೈವರುಗಳು ಅವಳನ್ನು ಕಂಟ್ರೋಲ್ ಮೇಡಂ ಎನ್ನುತ್ತಿದ್ದರು.

ಅವಳ ತಂದೆ ಅಮರೇಶಪ್ಪ ದೇವದುರ್ಗದ ಕಡೆಯವರು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿ ಹೈದರಾಬಾದಿಗೆ ಬಂದು ಕುಷಾಯಿಗೂಡದಲ್ಲಿ ನೆಲೆನಿಂತವರು. ಸುವರ್ಣಾ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಆಫೀಸಿನಲ್ಲಿ ಹಿಂದಿ. ತಂದೆ ತೀರಿಕೊಂಡ ಮೇಲೆ ತಾಯಿ ಶಿವದೇವಿ ಮತ್ತು ಅವಳು ಇಬ್ಬರೇ. ಸುವರ್ಣಾಗೆ ನಲವತ್ತು ದಾಟಿತ್ತು. ಮದುವೆಯ ಮಾತು ಎಂದೋ ನಿಂತುಹೋಗಿತ್ತು, ಅದರ ಬಗ್ಗೆ ಅವಳಿಗೆ ದೊಡ್ಡ ಕೊರಗೇನೂ ಇರಲಿಲ್ಲ. ಎರಡು ಬಸ್ಸು ಬದಲಿಸಿ ಬಾಲಾನಗರ ತಲುಪಿ, ತನ್ನ ಕುರ್ಚಿಯಲ್ಲಿ ಕೂತು, ಚುಕ್ಕೆಗಳು ಒಂದೊಂದಾಗಿ ಊರ ಹೊರಗೆ ಹೊರಡುವುದನ್ನು ನೋಡುವಾಗ ಒಂದು ಬಗೆಯ ಯಜಮಾನಿಕೆಯ ಸಂತೋಷ ಅವಳಿಗಾಗುತ್ತಿತ್ತು.

ಆ ವರ್ಷ ದಸರೆ ಮುಗಿದ ಮೇಲೆ ಕಂಪನಿಗೆ ಕರೆಂಟಿನ ಗಾಡಿಗಳು ಬಂದವು. ಬಿಳಿ ಬಣ್ಣ, ಬಾಗಿಲ ಮೇಲೆ ಹಸಿರು ಅಕ್ಷರ: ಒಂದು ಚಾರ್ಜಿಗೆ ಇನ್ನೂರೈವತ್ತು ಕಿಲೋಮೀಟರ್. ಅದು ಬರಿಯ ಜಾಹೀರಾತಲ್ಲ, ಪರೀಕ್ಷೆ ಮಾಡಿ ಕೊಟ್ಟ ಸರಕಾರಿ ಪ್ರಮಾಣದ ಅಂಕಿ. ಬಾಲಾನಗರದಿಂದ ಪಟಾನ್‌ಚೆರು, ಸದಾಶಿವಪೇಟೆ ಮೇಲೆ ಹಾದು ಜಹೀರಾಬಾದಿಗೆ ಹೋಗಿ ಬಂದರೆ ಇನ್ನೂರು ಚಿಲ್ಲರೆ. ದಾರಿಯಲ್ಲಿ ಕಂಪನಿಯ ಚಾರ್ಜರ್ ಎಲ್ಲೂ ಇಲ್ಲ. ಬೇಕಾಗುವುದೂ ಇಲ್ಲ ಎಂದು ಮ್ಯಾನೇಜರ್ ರವಿಕಿರಣ ಲೆಕ್ಕ ಹಾಕಿದ್ದ. ಆತನೂ ಬಾಲಾನಗರದಲ್ಲೇ ಬೆಳೆದ ಕನ್ನಡದವ. ತಂದೆ ರಕ್ಷಣಾ ಕಾರ್ಖಾನೆಗೆಂದು ಮೈಸೂರಿನಿಂದ ಬಂದವರು.

"ನಲವತ್ತು ಕಿಲೋಮೀಟರ್ ಆರಾಮಾಗಿ ಉಳಿಯುತ್ತೆ ಸುವರ್ಣಾ," ಎಂದಿದ್ದ. "ಕಣ್ಣು ಮುಚ್ಚಿ ಕಳಿಸಿ."

ಜಹೀರಾಬಾದ್ ದಾರಿಗೆ ಅವಳು ಆರಿಸಿದ್ದು ಶರಣಕುಮಾರನನ್ನು. ಮಾನ್ವಿ ಕಡೆಯ ಹುಡುಗ, ಮೂವತ್ತೈದರ ಆಸುಪಾಸು, ಫತೇನಗರದಲ್ಲಿ ಬಾಡಿಗೆ ಮನೆ. ಅದಕ್ಕೂ ಮೊದಲು ಡೀಸೆಲ್ ಲಾರಿಯಲ್ಲಿ ನಾಗಪುರ, ರಾಯಪುರ ಎಂದು ತಿರುಗುತ್ತಿದ್ದವ. ಮನೆಗೆ ಬರುತ್ತಿದ್ದದ್ದೇ ಅಪರೂಪ. ಈ ಗಾಡಿ ಹತ್ತಿದ ಮೇಲೆ ದಿನಾ ಸಂಜೆ ಮನೆ. ಒಂದು ದಿನ ಕಿಟಕಿಯ ಹತ್ತಿರ ನಿಂತು ಹೇಳಿದ:

"ಮೇಡಂರೀ, ಮೊದಲ ನಾನು ಮನಿಗೆ ಹೋದ್ರ ನಮ್ಮ ಪಿಂಕಿ ಅವ್ವನ ಸೆರಗಿನಾಗ ಅಡಗಿಕೊಂತಿದ್ಲು. ಈಗ ಗೇಟಿನ ತನಕ ಓಡಿ ಬರ್ತಾಳ. ಈ ಗಾಡಿ ನನ್ನ ಪಾಲಿನ ದೇವ್ರು ನೋಡ್ರಿ. ಸಪ್ಪಳಿಲ್ಲ, ಅದರಾಟಿಲ್ಲ. ಸೊಂಟನೋವು ಸುದ್ದಾ ಹೋಗೇತಿ."

ಚಳಿಗಾಲ ಸುಖವಾಗಿ ಕಳೆಯಿತು. ಗಾಡಿ ವಾಪಸ್ ಬಂದಾಗ ಬ್ಯಾಟರಿಯಲ್ಲಿ ಸ್ವಲ್ಪ ಚಾರ್ಜ್ ಉಳಿದಿರುತ್ತಿತ್ತು. ಶಿವರಾತ್ರಿ ಹೊತ್ತಿಗೆ ಆ ಉಳಿಕೆ ಕರಗತೊಡಗಿತು. ಮೊದಲು ಹದಿನೈದು ಶೇಕಡಾ, ಆಮೇಲೆ ಒಂಬತ್ತು, ಆಮೇಲೆ ನಾಲ್ಕು. ಗಾಡಿ ಮಾಡಿದ ಕಂಪನಿಯ ಎಂಜಿನಿಯರ್ ಬಂದಾಗ ಸುವರ್ಣಾ ಕೇಳಿದಳು. ಆತ ಬೇಸರಿಸಿಕೊಳ್ಳದೆ ವಿವರಿಸಿದ. ಪರೀಕ್ಷೆ ನಡೆಯುವಾಗ ಹೊರಗಿನ ಹವೆ ಹಿತವಾಗಿರುತ್ತದೆ. ವೇಗ ಗೊತ್ತುಮಾಡಿದಂತೆ ಏರಿಳಿಯುತ್ತದೆ. ಕುಕಟಪಲ್ಲಿಯ ಟ್ರಾಫಿಕ್ ಇರುವುದಿಲ್ಲ. ಹಿಂದಿನ ಪೆಟ್ಟಿಗೆಯನ್ನು ತಂಪಾಗಿಡುವ ಯಂತ್ರವೂ ಇದೇ ಬ್ಯಾಟರಿಯಿಂದ ಕರೆಂಟು ಎಳೆಯುತ್ತದೆ, ಅದನ್ನು ಆ ಅಂಕಿಯಲ್ಲಿ ಹಿಡಿದಿಲ್ಲ. ಬಿಸಿಲಲ್ಲಿ ಬ್ಯಾಟರಿ ತನ್ನನ್ನು ತಾನು ತಣಿಸಿಕೊಳ್ಳಲಿಕ್ಕೂ ಇನ್ನಷ್ಟು ತಿನ್ನುತ್ತದೆ.

"ಹಾಗಾದರೆ ಬಾಗಿಲ ಮೇಲೆ ಬರೆದದ್ದು ಸುಳ್ಳೇ?"

"ಸುಳ್ಳಲ್ಲ ಮೇಡಂ. ಆ ಪರಿಸ್ಥಿತಿಯಲ್ಲಿ ಗಾಡಿ ಅಷ್ಟು ಓಡೇ ಓಡುತ್ತದೆ," ಎಂದ ಅವನು. ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಶರಣಕುಮಾರ ರಜೆ ಹಾಕಿದ್ದಾಗ ಸೀತಾರಾಮ ಎಂಬ ಹಿರಿಯ ಡ್ರೈವರ್ ಜಹೀರಾಬಾದಿಗೆ ಹೋದ. ವಾಪಸ್ ಬರುತ್ತ ಪಟಾನ್‌ಚೆರು ಇನ್ನೂ ಮುಂದಿರುವಾಗಲೇ ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಎಳೆದು ತರುವ ಲಾರಿ ಬರುವಷ್ಟರಲ್ಲಿ ಹಿಂದಿನ ಪೆಟ್ಟಿಗೆ ಬಿಸಿಯಾಗಿ, ಪಟಾನ್‌ಚೆರುವಿನಲ್ಲಿ ಇಳಿಸಬೇಕಾಗಿದ್ದ ಲಸಿಕೆಯನ್ನೆಲ್ಲ ಚೆಲ್ಲಬೇಕಾಯಿತು. ರವಿಕಿರಣ ಎಲ್ಲರನ್ನೂ ಕರೆದು ಹೇಳಿದ: ಇನ್ನೊಮ್ಮೆ ಹೀಗಾದರೆ ಜಹೀರಾಬಾದ್ ದಾರಿಗೆ ಮತ್ತೆ ಡೀಸೆಲ್ ಲಾರಿ. ಕರೆಂಟಿನ ಗಾಡಿ ಓಡಿಸುವವರು ತಮ್ಮ ಹಳೆಯ ದೂರದ ದಾರಿಗಳಿಗೆ ಹೋಗಬೇಕು.

ಅದಾದ ಮಾರನೆಯ ವಾರದಿಂದ ಶರಣಕುಮಾರನ ಗಾಡಿಯ ಅಂಕಿ ಸುಧಾರಿಸಿತು.

ಸುವರ್ಣಾಗೆ ಮೊದಲು ನಂಬಿಕೆ ಬರಲಿಲ್ಲ. ಬಿಸಿಲು ಏರುತ್ತಿತ್ತು, ಉಳಿದ ಗಾಡಿಗಳು ಒಂದು ಚಾರ್ಜಿಗೆ ಓಡುವ ದೂರ, ಅಂದರೆ ರೇಂಜ್, ಇಳಿಯುತ್ತಿತ್ತು, ಇವನದು ಮಾತ್ರ ಏರುತ್ತಿತ್ತು. ದಿನಾ ಹತ್ತು ಹನ್ನೆರಡು ಶೇಕಡಾ ಉಳಿಸಿಕೊಂಡು ಬರುತ್ತಿದ್ದ. ಹೇಗೆಂದು ಕೇಳಿದರೆ, "ಕಾಲು ಹಗೂರ ಇಟ್ಟು ಓಡಸ್ತೀನ್ರಿ," ಎಂದ. ರವಿಕಿರಣ ಅವನ ಫೋಟೋ ತೆಗೆಸಿ ಗೋಡೆಗೆ ಹಚ್ಚಿದ. ಸುವರ್ಣಾ ತನ್ನ ಕಂಪ್ಯೂಟರಿನಲ್ಲಿ ಎಲ್ಲ ಗಾಡಿಗಳಿಗೂ ಶರಣಕುಮಾರನ ರೇಂಜಿನ ಅಂಕಿಯನ್ನೇ ಮಾನದಂಡವಾಗಿ ಹಾಕಿದಳು. ಅದಕ್ಕಿಂತ ಕಡಿಮೆ ತಂದವರ ಹೆಸರು ಸಂಜೆ ಕೆಂಪಾಗಿ ಕಾಣುತ್ತಿತ್ತು. ಆಗ ಅವಳಿಗೆ ಅದು ಒಳ್ಳೆಯ ಕೆಲಸ ಎಂದೇ ಅನಿಸಿತ್ತು.

ಏಪ್ರಿಲ್ ಬಂತು. ಕೆಂಪು ಹೆಸರುಗಳು ಒಂದೊಂದಾಗಿ ಕಡಿಮೆಯಾದವು. ಹೊರಗೆ ಡಾಂಬರು ಮೆತ್ತಗಾಗುತ್ತಿದ್ದ ದಿನಗಳು, ಒಳಗೆ ಪರದೆಯ ಮೇಲೆ ಎಲ್ಲ ಗಾಡಿಗಳ ರೇಂಜ್ ಏರುತ್ತಿದ್ದ ದಿನಗಳು. ಮಧ್ಯಾಹ್ನ ಕಿಟಕಿಯಾಚೆ ಬಿಸಿಲನ್ನು ನೋಡಿ, ತಿರುಗಿ ಪರದೆ ನೋಡಿದಾಗ ಇದು ಹೀಗಾಗಬಾರದು ಎಂದು ಒಳಗೆ ಯಾರೋ ಹೇಳಿದಂತಾಗುತ್ತಿತ್ತು. ಆದರೆ ಅಂಕಿ ಚೆನ್ನಾಗಿತ್ತು. ಚೆನ್ನಾಗಿರುವ ಅಂಕಿಯ ಬಗ್ಗೆ ಆ ಆಫೀಸಿನಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ, ಅವಳೂ ಕೇಳಲಿಲ್ಲ.

ಡ್ರೈವರುಗಳು ಮಾತು ಕಡಿಮೆ ಮಾಡಿದ್ದರು. ಮೊದಲು ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತ ನಗೆಚಾಟಿಕೆ ಮಾಡುತ್ತಿದ್ದವರು ಈಗ ಇಳಿದವರೇ ನೀರಿನ ಕ್ಯಾನಿನ ಮುಂದೆ ಬಗ್ಗಿ ನಿಲ್ಲುತ್ತಿದ್ದರು. ಅಂಗಿಗಳ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ. ಸೀತಾರಾಮ ಒಂದು ಸಂಜೆ ತನ್ನ ಸ್ಕೂಟರ್ ಎಲ್ಲಿ ನಿಲ್ಲಿಸಿದ್ದೆ ಎಂದು ಮರೆತು, ಅಂಗಳದಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಸುವರ್ಣಾ ಕಿಟಕಿಯಿಂದ ನೋಡಿದಳು. ಸ್ಕೂಟರ್ ಅವನ ಎದುರಿಗೇ ಇತ್ತು.

ಆ ದಿನಗಳಲ್ಲೇ ಅವಳಿಗೊಂದು ಫೋನ್ ಬಂತು. ಹೆಣ್ಣು ದನಿ.

"ಅಕ್ಕಾರ, ನಾ ಯಂಕಮ್ಮರಿ. ನಿಮ್ಮ ಜಹೀರಾಬಾದ್ ಗಾಡಿ ಓಡಸ್ತಾರಲ್ಲರಿ, ಅವರ ಮನಿಯಾಕಿ."

"ಹೇಳಮ್ಮ."

"ನಾ ಫೋನ್ ಮಾಡೀನಂತ ಅವ್ರಿಗೆ ಹೇಳಬ್ಯಾಡ್ರಿ. ಮನಿಗೆ ಬಂದವ್ರು ಸೀದಾ ಬಚ್ಚಲಕ್ಕ ಹೋಗಿ ನಳದ ಕೆಳಗ ಕುಂತುಬಿಡ್ತಾರ್ರಿ. ಕರದ್ರ ಏಳಂಗಿಲ್ಲ. ಉಣ್ಣಂಗಿಲ್ಲ. ಮೈ ಮುಟ್ಟಿದ್ರ ಹಂಚು ಮುಟ್ಟಿದಂಗ ಆಕ್ಕೈತಿ. ನಿನ್ನೆ ಪಿಂಕಿನ್ನ ನೋಡಿ, ಈ ಹುಡುಗಿ ಯಾರು ಅಂದ್ರು. ಆಮ್ಯಾಲ ನಕ್ಕು, ಚಾಷ್ಟಿ ಮಾಡ್ದೆ ಅಂದ್ರು. ಅದು ಚಾಷ್ಟಿ ಅಲ್ರಿ ಅಕ್ಕಾರ." ಆಮೇಲೆ ಕೇಳಿದಳು: "ಗಾಡ್ಯಾಗ ಏನರ ಕರೆಂಟು ಸೋರಿ ಮೈಗೆ ತಾಗಾಕತ್ತೈತೇನ್ರಿ?"

ಹಾಗೇನೂ ಆಗುವುದಿಲ್ಲ ಎಂದು ಸುವರ್ಣಾ ಸಮಾಧಾನ ಹೇಳಿದಳು. ಫೋನ್ ಇಟ್ಟ ಮೇಲೆ ತನಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ತನ್ನ ಕುರ್ಚಿಯನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಜಹೀರಾಬಾದಿನ ಆಸ್ಪತ್ರೆಯವರ ಹತ್ತಿರ ಮಾತಾಡುವುದಿದೆ ಎಂದು ನೆಪ ಹೇಳಿ ಶರಣಕುಮಾರನ ಪಕ್ಕದ ಸೀಟು ಹತ್ತಿದಳು.

ಅವನಿಗೆ ಅದು ಇಷ್ಟವಾಗಲಿಲ್ಲ. "ಬಿಸಲು ಭಾಳ ಐತ್ರಿ ಮೇಡಂ, ಯಾಕ ಸುಮ್ನ," ಎಂದ. ಸೀಟಿಗೆ ಗೋಣಿತಟ್ಟು ಹಾಸಿತ್ತು. ಕನ್ನಡಿಗೆ ಎರಡು ಟವೆಲು ಕಟ್ಟಿದ್ದವು. ಅವನು ಅವನ್ನು ಬಿಚ್ಚಿ ಸೀಟಿನ ಹಿಂದೆ ತುರುಕಿ, ಗಾಜು ಏರಿಸಿ, ಎ.ಸಿ. ಹಚ್ಚಿದ. ತಂಪು ಗಾಳಿ ಬಂದಾಗ ಅವನ ಮುಖ ಒಂದು ಕ್ಷಣ ಮಗುವಿನ ಮುಖದಂತಾಯಿತು. ಅವಳು ಅದನ್ನು ಗಮನಿಸಿದಳು.

ಸಂಗಾರೆಡ್ಡಿ ದಾಟುವವರೆಗೂ ಮಾತಾಡುತ್ತಲೇ ಇದ್ದ. ಆಮೇಲೆ ಅವನ ಕಣ್ಣು ಪದೇ ಪದೇ ಸ್ಟಿಯರಿಂಗ್ ಮುಂದಿನ ಅಂಕಿಯ ಮೇಲೆ ಹೋಗುತ್ತಿತ್ತು. ಸುವರ್ಣಾಳ ಕಣ್ಣೂ ಅಲ್ಲಿಗೇ ಹೋಯಿತು. ಚಾರ್ಜು ಅವಳು ದಿನಾ ಪರದೆಯ ಮೇಲೆ ನೋಡುವುದಕ್ಕಿಂತ ಬಹಳ ಬೇಗ ಇಳಿಯುತ್ತಿತ್ತು. ಜಹೀರಾಬಾದ್ ಮುಟ್ಟಿದಾಗ ಅರ್ಧಕ್ಕಿಂತಲೂ ಸಾಕಷ್ಟು ಕಡಿಮೆ ಉಳಿದಿತ್ತು.

ಆಸ್ಪತ್ರೆಯ ಅಂಗಳದಲ್ಲಿ ಸರಕು ಇಳಿಸುತ್ತಿದ್ದಾಗ ಅವಳು ಕೇಳಿದಳು. "ಶರಣಕುಮಾರ, ಇವತ್ತು ಯಾಕೆ ಹಿಂಗಾತು?"

ಅವನು ಇನ್ನೊಂದು ಡಬ್ಬ ಎತ್ತಿ ಕೆಳಗಿಟ್ಟ.

"ನಾನು ಇಲ್ಲದಾಗ ನೀನು ಎ.ಸಿ. ಹಚ್ಚಂಗಿಲ್ಲ. ಹೌದಲ್ಲ?"

"ನೀವು ಇದ್ದೀರಂತ ಹಚ್ಚಿದ್ನಿರಿ," ಎಂದ. "ಹಿಂದಿನ ಪೆಟ್ಟಿಗಿ ಬಂದ್ ಮಾಡಂಗಿಲ್ಲ, ಮಾಡಿದ್ರ ನಿಮ್ಮ ಆಫೀಸಿನ್ಯಾಗ ಅಲಾರಂ ಹೊಡಿತೈತಿ. ಗಾಡಿ ನಿಂದ್ರಸಂಗಿಲ್ಲ, ನಿಂತಷ್ಟೂ ಪೆಟ್ಟಿಗಿ ಕರೆಂಟು ತಿಂತೈತಿ. ಉಳಿದದ್ದು ಇದೊಂದ ರೀ. ಇದಕ್ಕ ಅಲಾರಂ ಇಲ್ಲ."

"ಉಳಿದವರು?"

"ಎಲ್ಲಾರೂ ಹಂಗ ಮಾಡಾಕತ್ತಾರ್ರಿ. ನೀವು ಹೆಸರು ಕೆಂಪ ಮಾಡಿದ ಮ್ಯಾಗ ಬಂದು ನನ್ನ ಕೇಳಿದ್ರು. ನಾನ ಹೇಳಿಕೊಟ್ಟೆ."

ವಾಪಸ್ ಹೊರಟಾಗ ಎ.ಸಿ. ಹಚ್ಚುವ ಮಾತೇ ಇರಲಿಲ್ಲ. ಹಚ್ಚಿದರೆ ಬಾಲಾನಗರ ಮುಟ್ಟುವುದಿಲ್ಲ. ಎರಡೂ ಕಡೆ ಗಾಜು ಇಳಿಸಿದರು. ಮುಂದಿನ ದೊಡ್ಡ ಗಾಜಿನಿಂದ ಬಿಸಿಲು ನೇರವಾಗಿ ತೊಡೆಯ ಮೇಲೆ ಬೀಳುತ್ತಿತ್ತು. ಬರುವ ಗಾಳಿ ಒಲೆಯ ಬಾಯಿಯಿಂದ ಬಂದಂತಿತ್ತು. ಅವನು ನೀರಲ್ಲಿ ಅದ್ದಿದ ಟವೆಲು ತಲೆಗೆ ಸುತ್ತಿಕೊಂಡ. ಸದಾಶಿವಪೇಟೆಗೆ ಬರುವಷ್ಟರಲ್ಲಿ ಅದು ಹಪ್ಪಳದಂತೆ ಒಣಗಿತ್ತು. ಸುವರ್ಣಾಗೆ ತಲೆ ಸಿಡಿಯತೊಡಗಿತು. ದೂರದ ಗಾಡಿಗಳು ನೀರಿನೊಳಗೆ ತೇಲುವಂತೆ ಕಂಡವು. ವಾಂತಿ ಬಂದು ಬಾಗಿಲಿಗೆ ಮುಖ ಒತ್ತಿದರೆ ಲೋಹ ಕೆನ್ನೆ ಸುಟ್ಟಿತು. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಹಿಂದಿನ ಪೆಟ್ಟಿಗೆಯ ಉಷ್ಣತೆ ತೋರಿಸುತ್ತಿತ್ತು: ಐದು ಡಿಗ್ರಿ.

ಅವಳು ಮರುದಿನವೇ ರವಿಕಿರಣನ ಮುಂದೆ ಕೂತಳು. ಎಲ್ಲವನ್ನೂ ಹೇಳಿದಳು. ಅವನು ನಿಜವಾಗಿಯೂ ಬೆಚ್ಚಿದ. ಆಮೇಲೆ ನಿಧಾನವಾಗಿ ಚೇತರಿಸಿಕೊಂಡ.

"ನಾನು ಯಾರಿಗಾದ್ರೂ ಎ.ಸಿ. ಆಫ್ ಮಾಡಿ ಅಂತ ಹೇಳಿದ್ದೀನಾ ಸುವರ್ಣಾ? ನೀವು ಹೇಳಿದ್ದೀರಾ?"

"ಇಲ್ಲ. ಆದರೆ ಅಂಕಿ..."

"ಸರ್ಟಿಫಿಕೇಟ್ ಪ್ರಕಾರ ಗಾಡಿ ಇನ್ನೂರೈವತ್ತು ಓಡಬೇಕು. ನಾವು ಕೇಳ್ತಿರೋದು ಇನ್ನೂರಹತ್ತು. ಓಡಲ್ಲ ಅಂದ್ರೆ ಈ ಬೇಸಿಗೆಗೆ ಡೀಸೆಲ್ ಲಾರಿ ಹಾಕ್ತೀನಿ. ನಾಳೆನೇ. ಡ್ರೈವರ್‌ಗಳನ್ನ ದೂರದ ದಾರಿಗೆ ನೀವೇ ಒಪ್ಪಿಸಿ."

ಅವಳು ಕುರ್ಚಿಗೆ ಮರಳಿ, ಮಾನದಂಡದ ಅಂಕಿಯನ್ನು ನೂರಾ ಎಪ್ಪತ್ತು ಕಿಲೋಮೀಟರಿಗೆ ಇಳಿಸಿದಳು. ಜಹೀರಾಬಾದ್ ದಾರಿ ಪರದೆಯ ಮೇಲೆ ಕೆಂಪಾಗಿ, ಗಾಡಿ ಕಳಿಸಲಾಗದು ಎಂದು ತೋರಿಸಿತು. ಸಂಜೆಯ ಹೊತ್ತಿಗೆ ಶರಣಕುಮಾರ ಬಂದ. ಅವನ ಹಿಂದೆ ಸೀತಾರಾಮ ಮತ್ತೆ ಇನ್ನಿಬ್ಬರು.

"ಯಾಕ್ರಿ ಮೇಡಂ, ನಿಮಗ ನಾ ಏನ್ ಅನ್ಯಾಯ ಮಾಡೀನಿ?" ಎಂದ ಶರಣಕುಮಾರ. "ನನ್ನ ತಿರುಗಾ ರಾಯಪುರಕ್ಕ ಕಳಸ್ತಾರ. ಮಗಳು ಶಾಲಿಗೆ ಹೋಗಾಕತ್ತಾಳ, ಸಂಜಿಕ ನನ್ನ ಮುಂದ ಕುಂತು ಓದ್ತಾಳ. ಅದನ್ನ ಕಸಗೋಬ್ಯಾಡ್ರಿ. ಬಿಸಲು ಏನ್ ಹೊಸಾದೇನ್ರಿ ನಮಗ? ರಾಯಚೂರು ಬಿಸಲಾಗ ಹುಟ್ಟೀವಿ. ಮಳಿ ಬರೂತನಕ ಅಷ್ಟ."

ಸೀತಾರಾಮನೂ ತಲೆ ಆಡಿಸಿದ. ಅವರೆಲ್ಲ ಕೈಮುಗಿದು ನಿಂತಿದ್ದರು. ತಮ್ಮನ್ನು ಬಿಸಿಲಿಗೆ ಕಳಿಸು ಎಂದು ಕೈಮುಗಿಯುತ್ತಿದ್ದರು.

ಸುವರ್ಣಾ ಮಾರನೆಯ ಬೆಳಿಗ್ಗೆ ಆಫೀಸಿಗೆ ಬಂದು ಅಂಕಿಯನ್ನು ಮತ್ತೆ ಏರಿಸಿದಳು. ದಾರಿ ಹಸಿರಾಯಿತು. ತನ್ನ ಕೈಲಾದಷ್ಟನ್ನು ಮಾಡಿದಳು. ಪ್ರತಿ ಗಾಡಿಗೂ ಮಂಜುಗಡ್ಡೆಯ ಡಬ್ಬಿ, ಉಪ್ಪುಸಕ್ಕರೆಯ ಪುಡಿ ಕೊಡಿಸಿದಳು. ಸಂಗಾರೆಡ್ಡಿ, ಸದಾಶಿವಪೇಟೆಗಳಲ್ಲಿ ಫೋನ್ ಮಾಡಲೇಬೇಕೆಂದು ಕಟ್ಟುನಿಟ್ಟು ಮಾಡಿದಳು. ಸದಾಶಿವಪೇಟೆಯ ಹತ್ತಿರ ಒಂದು ಚಾರ್ಜರ್ ಹಾಕಿಸಬೇಕೆಂದು ಮೇಲಿನವರಿಗೆ ಬರೆದಳು. ಮಳೆಗಾಲದ ಹೊತ್ತಿಗೆ ನೋಡೋಣ ಎಂದು ಉತ್ತರ ಬಂತು. ಎಲ್ಲರೂ ಮಳೆಗಾಲವನ್ನೇ ಕಾಯುತ್ತಿದ್ದರು.

ಮೇ ತಿಂಗಳ ಕೊನೆಗೆ ರೋಹಿಣಿ ಕಾರ್ತೆ ಹೊಕ್ಕಿತು. ಹೈದರಾಬಾದಿನವರು ಹಗಲು ಹೊರಗೆ ಕಾಲಿಡಲು ಹೆದರುವ ದಿನಗಳವು. ಬಾಲಾನಗರದ ವರ್ಕ್‌ಶಾಪುಗಳಲ್ಲಿ ಮಧ್ಯಾಹ್ನ ಸುತ್ತಿಗೆಯ ಸದ್ದೂ ನಿಂತುಹೋಗುತ್ತಿತ್ತು. ಅಂಥದೊಂದು ಬೆಳಿಗ್ಗೆ ಶರಣಕುಮಾರ ಕೀಲಿ ತೆಗೆದುಕೊಳ್ಳಲು ಬಂದ. ಮುಖ ಕೆಂಪಗಿತ್ತು. ಆದರೆ ಹಣೆಯ ಮೇಲೆ ಬೆವರಿನ ಒಂದು ಹನಿಯೂ ಇರಲಿಲ್ಲ. ಹಿಂದಿನ ಸಂಜೆ ವಾಪಸ್ ಬಂದಾಗಲೂ ಅಂಗಿ ಒಣಗಿತ್ತೆಂಬುದು ಅವಳಿಗೆ ನೆನಪಾಯಿತು.

"ಆರಾಮ ಇದ್ದೀಯಲ್ಲ?"

"ಭಾಳ ಆರಾಮ್ರಿ. ಈಗ ಬೆವರೂ ಬರಂಗಿಲ್ಲ ನೋಡ್ರಿ. ಮೈ ಒಗ್ಗೇತಿ."

ಅವಳಿಗೆ ಅದು ಕೇಳಿ ನಿರಾಳವಾಯಿತು. ಬೆವರು ನಿಲ್ಲುವುದೆಂದರೆ ಮೈ ತನ್ನನ್ನು ತಣಿಸಿಕೊಳ್ಳಲಾರದೆ ಸೋತಂತೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ, ಸಂಜೆಯ ಹೊತ್ತಿಗೆ ಡಾಕ್ಟರ ಬಾಯಿಂದ ಗೊತ್ತಾಗಲಿತ್ತು.

ಅವನು ಜಹೀರಾಬಾದ್ ಮುಟ್ಟಿ ಫೋನ್ ಮಾಡಿದ. ದನಿ ದಪ್ಪವಾಗಿತ್ತು, ನಾಲಿಗೆ ತಡವರಿಸಿತು. ಒಂದು ಮಾತನ್ನು ಎರಡು ಸಲ ಹೇಳಿದ. ಊಟ ಮಾಡಿ ಸ್ವಲ್ಪ ಮಲಗಿ ಹೊರಡು ಎಂದಳು. ಹೂಂ ಎಂದ. ಆದರೆ ಚುಕ್ಕೆ ಕೂಡಲೇ ಹೊರಟಿತು.

ಸದಾಶಿವಪೇಟೆಗೆ ಇನ್ನೂ ದೂರವಿರುವಾಗ ಚುಕ್ಕೆ ನಿಧಾನವಾಯಿತು. ಸ್ವಲ್ಪ ಹೊತ್ತು ತೆವಳಿತು. ನಿಂತಿತು. ಸುವರ್ಣಾಳ ಕಣ್ಣು ಮೊದಲು ಹೋದದ್ದು ಚಾರ್ಜಿನ ಕಡೆಗೆ. ಮತ್ತೆ ಖಾಲಿಯಾಯಿತೇ ಎಂದು ನೋಡಿದಳು. ಐವತ್ತು ಶೇಕಡಾ ಇತ್ತು. ಇಡೀ ಬೇಸಿಗೆಯಲ್ಲಿ ಆ ಜಾಗದಲ್ಲಿ ಯಾವ ಗಾಡಿಯೂ ಅಷ್ಟು ಉಳಿಸಿರಲಿಲ್ಲ.

ಆಗ ಅವಳಿಗೆ ಭಯವಾಯಿತು. ಫೋನ್ ಹಚ್ಚಿದಳು. ರಿಂಗಾಗುತ್ತಲೇ ಇತ್ತು. ಮತ್ತೆ ಹಚ್ಚಿದಳು. ಹೆದ್ದಾರಿಯ ಗಸ್ತಿನವರ ನಂಬರು ಹುಡುಕಿ, ಗಾಡಿ ನಿಂತ ಜಾಗ ಹೇಳಿ ಬೇಡಿಕೊಂಡಳು. ಗಸ್ತಿನ ಜೀಪು ಹತ್ತಿರದಲ್ಲೇ ಇತ್ತು. ಅದರಲ್ಲಿದ್ದವನು ಗಾಡಿಯ ಬಳಿ ಹೋಗಿ ಅಲ್ಲಿಂದಲೇ ತೆಲುಗಿನಲ್ಲಿ ವರದಿ ಹೇಳತೊಡಗಿದ. ಗಾಡಿ ಎಡಕ್ಕೆ ಸರಿದು ನಿಂತಿದೆ, ಹ್ಯಾಂಡ್ ಬ್ರೇಕ್ ಎಳೆದಿದೆ. ಡ್ರೈವರ್ ಸ್ಟಿಯರಿಂಗ್ ಮೇಲೆ ಬಿದ್ದಿದ್ದಾನೆ. ಉಸಿರಿದೆ. ಮೈ ಮುಟ್ಟಲಾಗುತ್ತಿಲ್ಲ, ಅಷ್ಟು ಬಿಸಿ. ಏನೇನೋ ಬಡಬಡಿಸುತ್ತಿದ್ದಾನೆ. ಅಂಬುಲೆನ್ಸ್ ಇನ್ನೊಂದು ಅಪಘಾತಕ್ಕೆ ಹೋಗಿದೆ, ಬರಲು ಹೊತ್ತಾಗುತ್ತದೆ. ಸುತ್ತ ಒಂದು ಮರವೂ ಇಲ್ಲ.

ಹಿಂದಿನ ಪೆಟ್ಟಿಗೆಯ ಬಾಗಿಲಿಗೆ ಆಫೀಸಿನಿಂದಲೇ ಬೀಗ. ದಾರಿಯಲ್ಲಿ ಅದನ್ನು ತೆರೆಯುವಂತಿಲ್ಲ. ತೆರೆದರೆ ಒಳಗೆ ಉಳಿದ ಸರಕೆಲ್ಲ ಕೆಟ್ಟಂತೆ ಲೆಕ್ಕ. ಅವತ್ತು ಸಂಗಾರೆಡ್ಡಿಯ ಆಸ್ಪತ್ರೆಗೆ ವಾಪಸ್ ಬರುವಾಗ ಇಳಿಸಬೇಕಾಗಿದ್ದ ಇನ್ಸುಲಿನ್ ಅದರಲ್ಲಿತ್ತು. ಸುವರ್ಣಾ ಯಾರನ್ನೂ ಕೇಳಲಿಲ್ಲ. ಪರದೆಯ ಮೇಲೆ ಬೀಗ ತೆರೆದಳು.

"ಹಿಂದಿನ ಬಾಗಿಲು ತೆಗೀರಿ," ಎಂದು ತೆಲುಗಿನಲ್ಲಿ ಕೂಗಿದಳು. "ಅವನನ್ನ ಒಳಗೆ ಮಲಗಿಸಿ. ಅಂಗಿ ಬಿಚ್ಚಿ ನೀರು ಹಾಕಿ."

ಆಫೀಸಿನಲ್ಲಿ ಅಲಾರಂ ಹೊಡೆಯತೊಡಗಿತು. ಎಲ್ಲರೂ ತಿರುಗಿ ನೋಡಿದರು. ಅವಳು ಅದನ್ನು ನಿಲ್ಲಿಸಲಿಲ್ಲ, ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ಆಚೆ ಗಸ್ತಿನವರು ಶರಣಕುಮಾರನನ್ನು ಎತ್ತಿ ಔಷಧದ ಪೆಟ್ಟಿಗೆಗಳ ನಡುವೆ ಮಲಗಿಸಿದ ಸದ್ದು ಕೇಳಿಸಿತು. ಅವನು ಯಾರನ್ನೋ ಕರೆಯುತ್ತಿದ್ದ. ಹೆಸರು ಸ್ಪಷ್ಟವಾಗಲಿಲ್ಲ.

ಜೀವ ಉಳಿಯಿತು. ಬೇಗ ತಣಿಸಿದ್ದರಿಂದ ಉಳಿಯಿತೆಂದು ಡಾಕ್ಟರು ಹೇಳಿದರು. ಆದರೆ ಅಷ್ಟರಲ್ಲಿ ಬಿಸಿ ಮಿದುಳಿಗೆ ಮುಟ್ಟಿತ್ತು. ಬಹಳ ದಿನ ಆಸ್ಪತ್ರೆಯಲ್ಲಿದ್ದು ಶರಣಕುಮಾರ ಮನೆಗೆ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದ. ಲೋಟ ಹಿಡಿದರೆ ಕೈ ಅತ್ತಿತ್ತ ಹೋಗುತ್ತಿತ್ತು. ಮಾತು ಕುಡಿದವನ ಮಾತಿನಂತೆ ಎಳೆಯುತ್ತಿತ್ತು. ಸುವರ್ಣಾ ನೋಡಲು ಹೋದಾಗ ಅವನು ಎದ್ದು ನಿಲ್ಲಲು ಒದ್ದಾಡಿದ. ಯಂಕಮ್ಮ ಅವನ ಭುಜ ಒತ್ತಿ ಕೂರಿಸಿದಳು.

"ಹಗಲೂ ರಾತ್ರಿ ಮನ್ಯಾಗ ಅದಾರ ನೋಡ್ರಿ ಅಕ್ಕಾರ," ಎಂದಳು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ, ದಣಿವಿತ್ತು. "ನಾ ಫೋನ್ ಮಾಡಿದ್ನಲ್ಲರಿ ನಿಮಗ."

"ಹೌದು," ಎಂದಳು ಸುವರ್ಣಾ.

ಕಂಪನಿ ವಿಚಾರಣೆ ನಡೆಸಿತು. ಮೊದಲ ಪ್ರಶ್ನೆ ಪೆಟ್ಟಿಗೆಯ ಬೀಗದ ಬಗ್ಗೆ ಇತ್ತು. ಅನುಮತಿ ಇಲ್ಲದೆ ಏಕೆ ತೆರೆದಿರಿ? ಎರಡನೆಯದು, ಎ.ಸಿ. ಬಂದ್ ಮಾಡಲು ಡ್ರೈವರಿಗೆ ಯಾರಾದರೂ ಹೇಳಿದ್ದರೇ? ರವಿಕಿರಣ ಅವಳ ಕಡೆ ನೋಡಿದ. ಇಲ್ಲ ಎಂದು ಒಂದು ಮಾತು ಹೇಳಿದರೆ ಎಲ್ಲರಿಗೂ ಮುಗಿಯುತ್ತಿತ್ತು, ಮತ್ತು ಅದು ನಿಜವೂ ಆಗಿತ್ತು.

"ಬಾಯಿಂದ ಯಾರೂ ಹೇಳಲಿಲ್ಲ," ಎಂದಳು ಸುವರ್ಣಾ. "ಎ.ಸಿ. ಹಚ್ಚಿದರೆ ಮುಟ್ಟಲಾಗದ ಅಂಕಿಯನ್ನ ನಾನು ಹಾಕಿದೆ. ಮುಟ್ಟಲಾಗದು ಅಂತ ಕಣ್ಣಾರೆ ನೋಡಿಬಂದ ಮೇಲೂ ತಿರುಗಿ ಹಾಕಿದೆ. ಮ್ಯಾನೇಜರಿಗೂ ಗೊತ್ತಿತ್ತು."

ಚಿಕಿತ್ಸೆಯ ವೆಚ್ಚವನ್ನು ಕಂಪನಿ ಒಪ್ಪಿಕೊಂಡಿತು, ಅವಳ ಮಾತಿನಿಂದಾದ ಲಾಭ ಅದೊಂದು. ಅವಳನ್ನು ಅಬಿಡ್ಸ್‌ನ ಪಾರ್ಸೆಲ್ ಬುಕಿಂಗ್ ಶಾಖೆಗೆ ಹಾಕಿದರು. ರವಿಕಿರಣ ಬೇರೆ ಊರಿಗೆ ಹೋದ. ಜಹೀರಾಬಾದ್ ದಾರಿಯನ್ನು ಕಂಪನಿ ಕೈಬಿಟ್ಟು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿತು. ಗಾಡಿಗಳೂ ಅವನ ಪಾಲಾದವು. ಸದಾಶಿವಪೇಟೆಯ ಚಾರ್ಜರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮಳೆ ಬಂದಿತ್ತು, ಗಾಡಿಗಳು ತೊಂದರೆಯಿಲ್ಲದೆ ಹೋಗಿಬರುತ್ತಿದ್ದವು.

ಮರುವರ್ಷ ಮಾರ್ಚಿನಲ್ಲಿ, ಅಬಿಡ್ಸ್‌ನ ಕೌಂಟರಿನಲ್ಲಿ ಅವಳು ಪಾರ್ಸೆಲ್ ತೂಗಿಸುತ್ತಿದ್ದಾಗ ಒಂದು ಫೋನ್ ಬಂತು. ಗುತ್ತಿಗೆದಾರನ ಆಫೀಸಿನ ರಾಹುಲ. ಅವಳು ಕೂರುತ್ತಿದ್ದಂಥ ಕುರ್ಚಿಯಲ್ಲಿ ಈಗ ಅವನು ಕೂರುತ್ತಿದ್ದ. ಕಲಬುರ್ಗಿಯವನಂತೆ, ಉತ್ಸಾಹದ ದನಿ.

"ಮೇಡಂ, ಹಳೇ ಸಾಫ್ಟ್‌ವೇರ್ ಬಗ್ಗೆ ಒಂದು ಕೇಳಬೇಕಾಗಿತ್ರಿ. ನಮ್ಮ ಒಬ್ಬ ಡ್ರೈವರ್ ಅದಾನ್ರಿ, ವಿಜಯಕುಮಾರ ಅಂತ, ಬೀದರದವ. ಎಲ್ಲಾ ಗಾಡಿದೂ ರೇಂಜ್ ಇಳಿಯಾಕತ್ತೈತಿ, ಇವಂದೊಂದ ಏರಾಕತ್ತೈತಿ. ಅವನ ಅಂಕಿನ ಎಲ್ಲಾರಿಗೂ ಹಾಕ್ಬೇಕಂತ ಮಾಡೀನಿ. ಅದು ಎಲ್ಲಿ ಹಾಕ್ಬೇಕ್ರಿ?"

ಸುವರ್ಣಾ ಪಾರ್ಸೆಲನ್ನು ಕೆಳಗಿಟ್ಟಳು. ಶರಣಕುಮಾರನಿಗೆ ಆದದ್ದನ್ನು ಪೂರ್ತಿ ಹೇಳಿದಳು. ರಾಹುಲ ಗಾಬರಿಯಾದ, ಪಾಪ ಎಂದ. ತಾನು ಕೇಳಿದ್ದೇನೆ, ಎ.ಸಿ. ಹಚ್ಚಿಯೇ ಓಡಿಸುತ್ತೇನೆಂದು ವಿಜಯಕುಮಾರ ಹೇಳಿದ್ದಾನೆ ಎಂದ. ಅವನ ಜೊತೆ ಒಮ್ಮೆ ಗಾಡಿಯಲ್ಲಿ ಹೋಗಿ ನೋಡು ಎಂದರೆ, "ಕುರ್ಚಿ ಬಿಟ್ಟು ಹ್ಯಾಂಗ ಹೋಗ್ಲಿ ಮೇಡಂ?" ಎಂದ. ಕೊನೆಗೆ ಅವಳು ಡ್ರೈವರಿನ ನಂಬರು ಕೇಳಿ ಪಡೆದಳು.

ಹೊರಗೆ ಅಬಿಡ್ಸ್ ರಸ್ತೆಯಲ್ಲಿ ಮಧ್ಯಾಹ್ನದ ಆಟೋಗಳ ಗದ್ದಲ. ಕೌಂಟರಿನ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಫೋನ್ ಹಚ್ಚಿದಳು. ಅವನು ಎತ್ತಿದ. ಮಾತಿಗಿಂತ ಮೊದಲು ಗಾಳಿ ಕೇಳಿಸಿತು. ತೆರೆದ ಗಾಜಿನಿಂದ ರೊಯ್ಯನೆ ನುಗ್ಗುವ ಗಾಳಿ.

"ಯಾರ್ರಿ?" ಎಂದ ಅವನು, ಗಾಳಿಯ ಮೇಲೆ ದನಿ ಏರಿಸಿ.

"ವಿಜಯಕುಮಾರ, ನಾ ಸುವರ್ಣಾ ಅಂತ. ಮೊದಲು ಇದೇ ಗಾಡಿಗಳನ್ನ ಕಳಸ್ತಿದ್ದಾಕಿ. ಒಂದೆರಡು ಮಾತು ಕೇಳಪ್ಪ, ಗಾಜು ಏರಿಸಿ ಎ.ಸಿ. ಹಚ್ಚು."

ಗಾಳಿ ನಿಂತಿತು. ಗಾಜು ಏರಿತ್ತು. ಅವಳು ಹೇಳುತ್ತ ಹೋದಳು. ಬೆವರು ನಿಂತ ಮೈಯ ಬಗ್ಗೆ, ಮಗಳ ಗುರುತು ಹಿಡಿಯದ ತಂದೆಯ ಬಗ್ಗೆ, ಗೋಡೆ ಹಿಡಿದು ನಡೆಯುವವನ ಬಗ್ಗೆ.

"ನೀವು ಹೇಳೂದು ಖರೇ ಇರಬೋದ್ರಿ ಅಕ್ಕಾ," ಎಂದ ಕಡೆಗೆ. "ಆದ್ರ ಎ.ಸಿ. ಹಚ್ಚಿದ್ರ ನಾ ಬಾಲಾನಗರ ಮುಟ್ಟಂಗಿಲ್ಲಲ್ಲರಿ?"

"ಮುಟ್ಟಬ್ಯಾಡ. ಗಾಡಿ ಎಲ್ಲಿ ನಿಲ್ಲತೈತೋ ಅಲ್ಲಿ ನಿಲ್ಲಲಿ."

ಬಹುಶಃ ಅವನು ಸ್ಟಿಯರಿಂಗ್ ಮುಂದಿನ ಚಾರ್ಜಿನ ಅಂಕಿಯನ್ನು ನೋಡುತ್ತಿದ್ದ. ಅವಳು ಅವನ ಹೆಸರು ಹಿಡಿದು ಒಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಸ್ವಲ್ಪ ಹೊತ್ತಿನ ಮೇಲೆ ಆಚೆಯಿಂದ ಗಾಳಿಯ ಸದ್ದು ಮತ್ತೆ ಶುರುವಾಯಿತು.